ಹುಲ್ಲು ಹೊತ್ತವನು, ಗೋಲು ಹೊಡೆದವನು

ನಮ್ಮೂರ ಫುಟ್ಬಾಲ್ ಕ್ಲಬ್ಬಿನ ಮಾತು ಬಂದರೆ ಮಾದಾಪುರದ ಕಡೆ ಇವತ್ತಿಗೂ ಎಲ್ಲರ ಬಾಯಲ್ಲಿ ನನ್ನ ಗೆಳೆಯನ ಹೆಸರೇ. ಮೊದಲ ಪಂದ್ಯದ ಒಂದೇ ಒಂದು ಗೋಲು ಅವನು ಹೊಡೆದದ್ದು ನಿಜ. ಆದರೆ ಹೊಡೆಯಲು ಒಂದು ಮೈದಾನ ಬೇಕಿತ್ತಲ್ಲ, ಅದನ್ನು ತಂದವನು ನಾನು.

ಆಗ ನಮ್ಮ ಹತ್ತಿರ ಚೆಂಡಿತ್ತು, ಸಮತಟ್ಟಾದ ಜಾಗ ಇರಲಿಲ್ಲ. ಸುತ್ತ ಕಾಫಿ ತೋಟದ ಇಳಿಜಾರು. ಚೆಂಡು ಒಮ್ಮೆ ಉರುಳಿದರೆ ಕೆಳಗೆ ಹರಿಯುವ ತೋಡಿನ ನೀರಲ್ಲೇ ಹುಡುಕಬೇಕು. ಕುಯ್ಲು ಮುಗಿದ ಗದ್ದೆಯೊಂದರ ಮೇಲೆ ನನ್ನ ಕಣ್ಣು ಬಿತ್ತು. ಅದರ ಒಡತಿ ಅಜ್ಜಿ ಜಗಲಿಯಲ್ಲಿ ಕೂತೇ ಬೈದರು.

“ನನ್ ಗದ್ದೇಲಿ ಕುಣಿಯಾಕೆ ನಿಮ್ಗೇನ್ ಬಂದದೆ? ದನ ಎಲ್ ಮೇಯ್ಬೇಕು?”

“ದನ ಬೆಳಿಗ್ಗೆ ಮೇಯ್ಲಿ ಅಜ್ಜಿ, ನಾವು ಸಾಯಂಕಾಲ ಆಡ್ತೀವಿ. ನಿಮ್ಮ ಹುಲ್ಲೆಲ್ಲ ನಾವೇ ಹೊತ್ತು ಬಣವೆ ಒಟ್ಟಿ ಕೊಡ್ತೀವಿ. ಆಳು ಹುಡುಕೋ ತಾಪತ್ರಯ ಇಲ್ಲ.”

ಅಜ್ಜಿ ಎಲೆಯಡಿಕೆ ಉಗಿದು ಬಂದು, “ಬಣವೆ ವಾಲಿದ್ರೆ ಚೆಂಡು ಒಲೆಗೆ,” ಎಂದರು. ವ್ಯಾಪಾರ ಕುದುರಿತು.

ತಂಡದವರೆಲ್ಲ ಹುಲ್ಲು ಹೊತ್ತೆವು. ಕತ್ತು ತುರಿಸಿ ತುರಿಸಿ ಕೆಂಪಾಯಿತು. ನನ್ನ ಗೆಳೆಯ ಮಾತ್ರ ಬದುವಿನ ಮೇಲೆ ಕಾಲು ಚಾಚಿ ಕೂತು, “ಪಂದ್ಯಕ್ಕೆ ಕಾಲು ಉಳಿಸ್ಕೋತಿದ್ದೀನಿ ಮಾರಾಯ,” ಎಂದ. ಗೋಲಿನ ಕಂಬಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಪುಸಲಾಯಿಸಿ ಸಿಲ್ವರ್ ಓಕ್ ಮರ ತಂದವನೂ ನಾನೇ. ಪಕ್ಕದ ಎಸ್ಟೇಟಿನ ಹುಡುಗರ ಎದುರು ಮೊದಲ ಪಂದ್ಯ. ಅವನು ಒದ್ದ ಚೆಂಡು ನನ್ನ ಕಂಬಕ್ಕೇ ಬಡಿದು ಒಳಗೆ ಹೋಯಿತು. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಕಂಬದ ಕಡೆ ಯಾರೂ ತಿರುಗಿ ನೋಡಲಿಲ್ಲ.

ಈ ವರ್ಷ ಕ್ಲಬ್ಬಿನವರು ಅವನನ್ನೇ ಸ್ಥಾಪಕ ಎಂದು ಕರೆದು ಸನ್ಮಾನ ಇಟ್ಟುಕೊಂಡರು. ಹೊದಿಸುವ ಶಾಲನ್ನು ಕುಶಾಲನಗರದಲ್ಲಿ ಚೌಕಾಸಿ ಮಾಡಿ ಕೊಡಿಸು ಎಂದು ಬಂದದ್ದು ಯಾರ ಹತ್ತಿರ? ನನ್ನ ಹತ್ತಿರ! ಬಾಗಿಲು ಹಾಕಿಕೊಳ್ಳೋಣ ಅನ್ನಿಸಿತು. ಆದರೆ ಮನೆಗೆ ಬಂದ ಗಿರಾಕಿಯನ್ನು ಸುಮ್ಮನೆ ಕಳಿಸಿ ನನಗೆ ಅಭ್ಯಾಸವಿಲ್ಲ.

“ಕೊಡಿಸ್ತೀನಿ. ಆದ್ರೆ ಹೊದಿಸೋದು ನಾನು. ಮೈಕಲ್ಲಿ ಮಾತಾಡೋದೂ ನಾನೇ.”

ಒಪ್ಪಿದರು. ವೇದಿಕೆ ಹತ್ತಿ, “ಗದ್ದೆ ಕೇಳಿ ತಂದವನು ನಾನು,” ಎಂದೆ. ಯಾರೋ ಕೆಮ್ಮಿದರು. “ಗೋಲು ಹೊಡೆದವನು ಇವನು,” ಎಂದೆ. ಚಪ್ಪಾಳೆ ನಿಲ್ಲಲೇ ಇಲ್ಲ.

ನೀವು ಯಾರಾದರೂ ಕ್ಲಬ್ ಕಟ್ಟುವವರಿದ್ದರೆ ಕೇಳಿ: ಜಾಗದ ಮಾತು, ಹುಲ್ಲಿನ ಮಾತು ಆಡುವಾಗಲೇ ಹೆಸರಿನ ಮಾತನ್ನೂ ಆಡಿ ಮುಗಿಸಿ. ಆಮೇಲೆ ಎಷ್ಟು ಎಳೆದಾಡಿದರೂ ಅದು ಕೈಗೆ ಬರುವುದಿಲ್ಲ.

ಶಾಲು ಹೊದಿಸಿದ ಮೇಲೆ ವೇದಿಕೆಯಲ್ಲೇ ಗೆಳೆಯ ಅದನ್ನು ಸವರುತ್ತಾ ನನ್ನ ಕಿವಿಯ ಹತ್ತಿರ ಬಾಗಿ, “ಬೇಜಾರ್ ಮಾಡ್ಕೋಬೇಡ ಮಾರಾಯ. ಗದ್ದೆ ನಿಂದೇ. ಮುಂದಿನ ವರ್ಷ ನಿಂಗೂ ಒಂದು ಹೊದಿಸೋಣ,” ಎಂದ.

“ಕಿವೀಲಿ ಬೇಡ,” ಎಂದು ಮೈಕನ್ನು ಅವನ ಬಾಯಿಗೆ ಹಿಡಿದೆ. “ಇಲ್ಲಿ ಹೇಳು.”