ದಿನಕ್ಕ ಒಂದು ಸಾಲು ಕನ್ನಡಿ

ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟೀದಿ ಅಂತ ನಮ್ಮವ್ವ ನನ್ನ ಬೈತಿದ್ಲು. ಸುಳ್ಳಲ್ಲ ಬಿಡ್ರಿ. ಊಟಕ್ಕ ಕುಂತ್ರೂ ನನ್ನ ಮಣಕಾಲು ಕುಣೀತಿರತೈತಿ. ಇದನ್ನ ಬರಿಯಾಕ ಕುಂತು ಆಗಲೇ ಎರಡು ಸಲ ಎದ್ದು ಅಡಿಗಿಮನಿಗೆ ಹೋಗಿ ಬಂದೆ, ನೀರಡಿಕಿ ಏನೂ ಆಗಿದ್ದಿಲ್ಲ.

ಚಿತ್ರಕಲೆ ಓದೋ ಮುಂದ, ಎರಡನೇ ವರ್ಷದ ಬ್ಯಾಸಿಗ್ಯಾಗ, ಬಳ್ಳಾರಿ ಗಾಂಧಿನಗರದ ಒಂದು ಕಲಾ ಸಂಸ್ಥೆಗೆ ನಾವು ನಾಕು ಮಂದಿ ಇಂಟರ್ನ್ ಆಗಿ ಸೇರಿದ್ವಿ. ಒಬ್ಬೊಬ್ಬರು ಒಬ್ಬೊಬ್ಬ ಕಸಬುದಾರರ ಹತ್ರ ಕಲೀಬೇಕು. ಕಡೀಕ ಎಲ್ಲಾರ ಮುಂದ ನಿಂತು, ಈ ಬ್ಯಾಸಿಗಿ ನನಗೇನು ಕಲಿಸ್ತು ಅಂತ ಮಾತಾಡ್ಬೇಕು. ನನ್ನ ಪಾಲಿಗೆ ಬಂದವರು ಸಿರುಗುಪ್ಪದ ಒಬ್ಬ ಮುದುಕರು. ಚಾಚಾ ಅಂತಿದ್ದೆ. ಬಯಲಾಟದವರ ಕಿರೀಟ, ಹೆಗಲಿಗೆ ಕಟ್ಟೋ ಭುಜಕೀರ್ತಿ ಮಾಡೋದು ಅವರ ಕೆಲಸ. ಹಗುರ ಕಟ್ಟಿಗಿ ಕೊರದು, ಬಂಗಾರದ ಬಣ್ಣದ ಕಾಗದ ಹಚ್ಚಿ, ಅದರ ಮ್ಯಾಲ ಉಗುರಿನಷ್ಟು ಕನ್ನಡಿ ಚೂರು ಸಾಲಾಗಿ ಕೂಡಸ್ತಿದ್ರು. ಆ ವರ್ಷ ಕುರುಗೋಡಿನ ಒಂದು ಮ್ಯಾಳದವರು ರಾಕ್ಷಸ ಪಾತ್ರಕ್ಕ ಹೊಸಾ ಭುಜಕೀರ್ತಿ ಮಾಡಿಕೊಡಾಕ ಹೇಳಿದ್ರು.

ಕನ್ನಡಿ ಕೂಡಸೋ ಅಂಟು ಅಂಗಡೀದಲ್ಲ. ಹುಣಸಿ ಬೀಜ ಹುರದು, ಎರಡು ದಿನ ನೆನಸಿ, ಅರದು ಕುದಿಸಿದ್ದು. ಒಂದು ಸಾಲು ಕೂಡಸಿದ್ರ ಮರುದಿನ ಮುಂಜಾನಿ ತನಕ ಮುಟ್ಟಂಗಿಲ್ಲ. "ದಿನಕ್ಕ ಒಂದ ಸಾಲು ಮಗಳೆ. ಇದು ಕುಣಿಯೋರ ಮೈಮ್ಯಾಲ ಇರತೈತಿ" ಅಂತಿದ್ರು ಚಾಚಾ. ಅಯ್ಯಯ್ಯೋ, ನನಗ ಜೀವ ಹೋದಂಗ ಆಗ್ತಿತ್ತು! ಬಳ್ಳಾರಿಯಿಂದ ಬಸ್ಸಿನ್ಯಾಗ ಬೆವತು ಬಂದು, ತಾಸೊಪ್ಪತ್ತು ಕೆಲಸ ಮಾಡಿ, ಆಮ್ಯಾಲ ಎದುರಿನ ರೈಸ್ ಮಿಲ್ಲಿನ ಹೊಟ್ಟು ಹಾರೋದನ್ನ ನೋಡ್ಕೊಂತ ಕುಂದ್ರೋದು.

ಇನ್ನ ನಾಕು ಸಾಲು ಉಳಿದಿದ್ದಾಗ ಚಾಚಾ ನೆಂಟರ ಮದುವಿಗೆ ಆದೋನಿಗೆ ಹೋದ್ರು. ನಾಕು ದಿನ, ನಾಕು ಸಾಲು, ನೀನ ಕೂಡಸು ಅಂತ ಬೀಗದ ಕೈ ನನ್ನ ಕೈಗೇ ಕೊಟ್ಟು ಹೋದ್ರು. ನಾನು ಅಂಗಡಿಯಿಂದ ಒಂದು ಟ್ಯೂಬ್ ಅಂಟು ತಂದು ನಾಕೂ ಸಾಲು ಒಂದ ಮಧ್ಯಾಹ್ನ ಮುಗಿಸಿದೆ. ಉಳಿದ ಮೂರು ದಿನ ಕೆಂಚನಗುಡ್ಡದ ಹತ್ರ ಹೊಳಿ ದಂಡಿಗೆ ಹೋಗಿ ಕಾಲು ಇಳಿಬಿಟ್ಕೊಂಡು ಕುಂತೆ. ಎಷ್ಟು ಶಾಣ್ಯಾಕಿ ನಾನು ಅಂತ ನನಗ ನಾನ ಖುಷಿಪಟ್ಟೆ, ಕತ್ತೆ ನಾನು!

ಮೇ ತಿಂಗಳ ಬಿಸಲಾಗ, ಕುರುಗೋಡಿನ ಒಂದು ತಗಡಿನ ಶೆಡ್ಡಿನ್ಯಾಗ ತಾಲೀಮು ಇಟ್ಟಿದ್ರು, ಚಾಚಾನ ಜೋಡಿ ನಾನೂ ಹೋಗಿದ್ದೆ. ರಾಕ್ಷಸ ಪಾತ್ರದವರು ಭುಜಕೀರ್ತಿ ಕಟ್ಕೊಂಡು ಬರಿಗಾಲಿಲೆ ಎರಡು ಸುತ್ತು ಕುಣಿದ್ರು. ಮೂರನೇ ಸುತ್ತಿಗೆ ಕನ್ನಡಿ ಪಟಪಟ ಉದುರಿದ್ವು. ಆ ಪುಣ್ಯಾತ್ಮರು ಅದರ ಮ್ಯಾಲೇ ಕಾಲಿಟ್ರು. ನೆಲದ ಮ್ಯಾಲ ರಕ್ತ ಬಿತ್ತು.

ಚಾಚಾ ಬಗ್ಗಿ ಒಂದು ಚೂರು ತಗೊಂಡು ತಿರುವಿ ನೋಡಿದ್ರು. ಬೆನ್ನಿಗೆ ಬೆಳ್ಳಗ ರಬ್ಬರಿನಂಗ ಅಂಟಿತ್ತು. ಉಗುರಿಲೆ ಕೆರದ್ರು. ನನ್ನ ಕಡೆ ಒಂದು ಸಲ ನೋಡಿದ್ರು. ನಾನು ಹೇಳಬೇಕಾಗಿತ್ತು. ಆದ್ರ ಚಾಚಾ ಆ ಚೂರನ್ನ ಜೇಬಿಗೆ ಹಾಕ್ಕೊಂಡು, ತಾವೇ ಮ್ಯಾಳದ ಹಿರಿಯರಿಗೆ ಕೈಮುಗದ್ರು: "ತಪ್ಪು ನಂದ್ರಿ. ವಯಸ್ಸಾತು, ಕೈ ನಡಗತೈತಿ."

ವಾಪಸ್ ಬಸ್ಸಿನ್ಯಾಗ ಚಾಚಾ ನನಗ ಒಂದು ಮಾತು ಬೈಲಿಲ್ಲ. ಬೈದಿದ್ರ ಚೊಲೊ ಇತ್ತು. ಕುರುಗೋಡಿನವರು ಪ್ಲಾಸ್ಟಿಕ್ಕಿನ ಭುಜಕೀರ್ತಿ ತಂದ್ರಂತ, ಮುದುಕನ ಕೈ ಹೋಗೈತಿ ಅನ್ನೋ ಸುದ್ದಿ ಬ್ಯಾರೆ ಮ್ಯಾಳಗಳಿಗೂ ಮುಟ್ಟಿತಂತ.

ಕಡೀ ದಿನ ಗಾಂಧಿನಗರದಾಗ ನನ್ನ ಸರದಿ ಬಂತು. ಈ ಬ್ಯಾಸಿಗಿ ನನಗ ತಾಳ್ಮಿ ಕಲಿಸ್ತು ಅಂದೆ! ದಿನಕ್ಕ ಒಂದು ಸಾಲು ಅನ್ನೋ ಮಾತನ್ನ ಎಷ್ಟು ಚೆಂದಾಗಿ ಹೇಳಿದೆ ಅಂದ್ರ ಮಂದಿ ಎದ್ದು ಚಪ್ಪಾಳಿ ಹೊಡದ್ರು. ಮುಂದಿನ ಸಾಲಿನ್ಯಾಗ ಕುಂತ ಚಾಚಾನೂ ಹೊಡದ್ರು. ಅವರ ಕೈ ನೋಡಿದೆ. ಒಂದಿಷ್ಟೂ ನಡಗತಿದ್ದಿಲ್ಲ.

ಮೂರು ವರ್ಷ ಸಿರುಗುಪ್ಪದ ಬಸ್ಸು ಕಂಡ್ರ ಮುಖ ತಿರುವಿದೆ. ಎಲ್ಲೂ ನಿಲ್ಲಲಿಲ್ಲ, ಮೂರು ಕಡೆ ಕೆಲಸ ಬಿಟ್ಟೆ. ಹೋದ ತಿಂಗಳು ತಡಕೊಳ್ಳಾಕ ಆಗದ ಸಿರುಗುಪ್ಪಕ್ಕ ಹೋದೆ. ಚಾಚಾ ಚಾ ಮುಂದಿಟ್ಕೊಂಡು ಬಾಗಲದಾಗ ಕುಂತಿದ್ರು. ನಿಂತ ಕಾಲಮ್ಯಾಲೇ ಎಲ್ಲಾ ಒದರಿಬಿಟ್ಟೆ.

"ಗೊತ್ತೈತಲ್ಲ" ಅಂದ್ರು.

"ಮತ್ತ ಯಾಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ?"

"ನಿನ್ನ ಹೆಸರು ಹೇಳಿದ್ರ ಗಾಂಧಿನಗರದ ಆಫೀಸಿನವರು ನಿನ್ನ ಮತ್ತ ನನ್ನ ಹತ್ರ ಕಳಸ್ತಿದ್ರೇನು? ಮುಂದಿನ ಬ್ಯಾಸಿಗಿಗೆ ಬರ್ತಿ, ಸಾವಕಾಶ ಕಲೀತಿ ಅಂತ ಅಂದ್ಕೊಂಡಿದ್ದೆ. ಬರಲೇ ಇಲ್ಲಲ್ಲ ನೀನು" ಅಂದ್ರು.

ನನಗ ಅಳು ತಡಿಲಿಲ್ಲ. "ಈಗ ಕುರುಗೋಡಿಗೆ ಹೋಗಿ ಖರೆ ಹೇಳ್ತೀನ್ರಿ. ಮತ್ತ ಅವರು ನಿಮಗ ಕೆಲಸ ಕೊಡ್ತಾರ."

ಚಾಚಾ ಚಾದ ಬಸಿ ನನ್ನ ಕಡೆ ಚಾಚಿದ್ರು. ನಾನು ಹಿಡಿಯೋದ್ರೊಳಗ ಅರ್ಧ ಚಾ ಅವರ ಲುಂಗಿ ಮ್ಯಾಲ ಚೆಲ್ಲಿತ್ತು.

"ಹೇಳು ಮಗಳೆ. ಆದ್ರ ಅವತ್ತು ನಾ ಹೇಳಿದ ಸುಳ್ಳು ಈಗ ಖರೇನ ಆಗೈತಿ" ಅಂದ್ರು.