ಬಟನ್ನಿಗೆ ಸಿಕ್ಕಿಸಿದ ಬೆಂಕಿಕಡ್ಡಿ

ಮೊನ್ನೆ ಮನೆಯ ಕರೆಗಂಟೆ ನಿಲ್ಲದೆ ಬಡಿದುಕೊಳ್ಳತೊಡಗಿತು. ಬಾಗಿಲು ತೆಗೆದರೆ ಹೊರಗೆ ಯಾರೂ ಇಲ್ಲ. ಮೇಲಿನ ಮಹಡಿಯ ಮಕ್ಕಳು ಬಟನ್ ಒತ್ತಿ, ಅದು ಮತ್ತೆ ಮೇಲೇಳದಂತೆ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿ ಓಡಿಹೋಗಿದ್ದವು. ನನ್ನ ಹೆಂಡತಿಗೆ ನಗು. ನನಗೆ ಮಾತ್ರ ಎದೆ ಝಲ್ಲೆಂದು, ಹೊಸ್ತಿಲ ಮೇಲೆಯೇ ಕುಳಿತುಬಿಟ್ಟೆ. ಎಡಗೈಯಲ್ಲಿ ಇಲ್ಲದ ಎರಡು ಬೆರಳು ನೋಯತೊಡಗಿದವು. ಮೇಷ್ಟ್ರು ನೆನಪಾದರು...

ಅವರು ಯಾರಿಗೂ ಪಾಠ ಹೇಳಿದವರಲ್ಲ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಆಗಷ್ಟೇ ಸಂಶೋಧನೆಗೆ ಸೇರಿದ್ದ ಹುಡುಗ. ಎಂಬತ್ತರ ದಶಕದ ಶುರುವಿನಲ್ಲಿ, ಪೀಣ್ಯದ ಟೀ ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡು ಕೂತು ಪ್ರಶ್ನೆ ಕೇಳುವವರನ್ನು ಕಾರ್ಖಾನೆ ಕೂಲಿಗಳಾದ ನಾವು ಬೇರೆ ಇನ್ನೇನೆಂದು ಕರೆಯಬೇಕಿತ್ತು? ಒಮ್ಮೆ ಅವರಂತೆಯೇ ಸಂಶೋಧನೆ ಮಾಡುತ್ತಿದ್ದ ಗೆಳೆಯರು ಬಂದಿದ್ದರು. ಒಬ್ಬರು ರಾಗಿ ಬೆಲೆಯ ಬೆನ್ನು ಹತ್ತಿದ್ದರು, ಇನ್ನೊಬ್ಬರು ಹಳ್ಳಿ ಬ್ಯಾಂಕುಗಳದ್ದು. “ನಮ್ಮವನಿಗೆ ಬೆಂಕಿಕಡ್ಡಿ ಹುಚ್ಚು” ಎಂದು ಇವರನ್ನು ರೇಗಿಸಿ ಹೋದರು.

ಆ ಕಡ್ಡಿಯ ಕಥೆ ಇಷ್ಟೇ. ನಾನು ಕೆಲಸ ಮಾಡುತ್ತಿದ್ದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ಸಿಗೆ ಎಡಕ್ಕೊಂದು, ಬಲಕ್ಕೊಂದು ಬಟನ್. ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಭಾರ ಇಳಿಯುತ್ತದೆ, ಕೈಗಳು ಹೊರಗೇ ಇರಲಿ ಎಂದು. ಆದರೆ ಕೂಲಿ ಪೀಸ್ ಲೆಕ್ಕದಲ್ಲಿ, ಒತ್ತಿದ ತಗಡಿಗೆ ಇಷ್ಟೆಂದು, ಹಿಂದೆ ಬಿದ್ದವನ ಬೆನ್ನಿಗೆ ಫೋರ್‌ಮನ್ನಿನ ಸ್ಟೀಲ್ ಸ್ಕೇಲು. ಹಾಗಾಗಿ ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿ, ಬಲಗೈಯಲ್ಲಿ ಒತ್ತುತ್ತ ಎಡಗೈಯಲ್ಲಿ ತಗಡು ತಳ್ಳುತ್ತಿದ್ದೆವು. ಒಂದು ದಿನ ನನ್ನ ಕೈ ಒಳಗಿದ್ದಾಗಲೇ ಪ್ರೆಸ್ ಇಳಿಯಿತು. ಬೆರಳುಗಳು ತಗಡಿಗೆ ಅಂಟಿಕೊಂಡು ಉಳಿದವು, ರಕ್ತ ಪಕ್ಕದವನ ಮುಖಕ್ಕೆ ಹಾರಿತು. ಫೋರ್‌ಮನ್ ಮೊದಲು ಮಾಡಿದ ಕೆಲಸವೆಂದರೆ ಆ ಕಡ್ಡಿಯನ್ನು ಎಲ್ಲರಿಗೂ ತೋರಿಸಿದ್ದು. “ನೋಡ್ರಪ್ಪ, ಇವನೇ ಸಿಕ್ಕಿಸಿರೋದು.” ತಪ್ಪು ನಿನ್ನದೇ ಎಂದು ಮಾಲೀಕ ನನ್ನನ್ನು ಕೆಲಸದಿಂದ ಕಿತ್ತುಹಾಕಿದ. ಲೇಬರ್ ಆಫೀಸಿನಲ್ಲಿ ದೂರು ಕೊಟ್ಟು, ಶೆಡ್ಡಿನ ಎದುರಿನ ಟೀ ಅಂಗಡಿಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದೆ. ಆ ಕೆಲಸ ಮರಳಿ ಸಿಗದಿದ್ದರೆ ಚಿಕ್ಕಬಾಣಾವರದಲ್ಲಿ ನನ್ನ ಮನೆಯ ಒಲೆ ಉರಿಯುವಂತಿರಲಿಲ್ಲ.

ಮೇಷ್ಟ್ರು ಬಂದು ಕೇಳಿದ್ದು ಒಂದೇ ಪ್ರಶ್ನೆ. ಯಾಕೆ ಸಿಕ್ಕಿಸಿದ್ರಿ? ಅವರ ಸಂಶೋಧನೆಯ ಗೈಡ್ ಹೇಳುವ ಪ್ರಕಾರ ನಮ್ಮಂಥವರು ಹೆಚ್ಚಿನ ಕೂಲಿಗಾಗಿ ಅಪಾಯವನ್ನು ತಾವೇ ಆರಿಸಿಕೊಳ್ಳುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು.

“ಆರಿಸ್ಕೊಳ್ಳಕ್ಕೆ ಇದೇನ್ ತರಕಾರೀನಾ ಸಾರ್? ಒಳಗೋಗಿ ಕುಂತ್ಕಂಡ್ ನೋಡಿ, ಆಮ್ಯಾಕೆ ಕೇಳಿ” ಅಂದೆ.

ಆ ಪುಣ್ಯಾತ್ಮ ನಿಜವಾಗಿಯೂ ಹೋಗಿ ಕೂತರು. ಕೆಲಸವಿಲ್ಲದ ಬಡಪಾಯಿ ಎಂದು ಹೇಳಿಕೊಂಡು ಅದೇ ಶೆಡ್ಡಿಗೆ ಕೂಲಿಗೆ ಸೇರಿದರು, ಅದೂ ನನ್ನ ಪ್ರೆಸ್ಸಿಗೇ. “ನಾನಂತೂ ಕಡ್ಡಿ ಸಿಕ್ಕಿಸಲ್ಲ, ನೋಡೋಣ” ಎಂದು ನನಗೆ ಹೇಳಿಯೇ ಹೋಗಿದ್ದರು. ಸಂಜೆ ಅಂಗಡಿಗೆ ಬಂದು ಅಂಗಿ ಎತ್ತಿದರೆ ಬೆನ್ನ ಮೇಲೆ ಸ್ಕೇಲಿನ ಬಾಸುಂಡೆ. ಸಾಕು ಬಿಡಿ ಸಾರ್ ಎಂದರೂ ಕೇಳಲಿಲ್ಲ. ವಾರ ತುಂಬುವುದರೊಳಗೆ ಒಂದು ಮಧ್ಯಾಹ್ನ ಶೆಡ್ಡಿನೊಳಗಿಂದ ಕಿರುಚಿದ ಸದ್ದು ಕೇಳಿತು. ಓಡಿ ಒಳಗೆ ನುಗ್ಗಿದೆ. ಅವರ ಎಡಗೈ ಮಣಿಕಟ್ಟಿನವರೆಗೆ ಜಜ್ಜಿಹೋಗಿತ್ತು, ಮೂಳೆ ಹೊರಬಂದಿತ್ತು. ನನ್ನ ತೊಡೆಯ ಮೇಲೆ ತಲೆಯಿಟ್ಟು ಒಂದೇ ಮಾತು ಹೇಳುತ್ತಿದ್ದರು.

“ನಾನೇ ಸಿಕ್ಕಿಸಿದೆ ಕಣ್ರೀ... ಯಾವಾಗ ಅಂತಾನೇ ಗೊತ್ತಾಗ್ಲಿಲ್ಲ...”

ಲೇಬರ್ ಆಫೀಸಿನಲ್ಲಿ ನನ್ನ ದೂರಿನ ವಿಚಾರಣೆಯ ದಿನ ಬ್ಯಾಂಡೇಜು ಸುತ್ತಿದ ಮೊಂಡುಗೈ ಹೊತ್ತು ಬಂದರು. ಅಧಿಕಾರಿಯ ಮುಂದೆ ನಿಂತು ಮೆಲ್ಲಗೆ ಹೇಳಿದರು. “ನಾನು ಓದಿದೋನು ಸಾರ್, ಅಪಾಯ ಗೊತ್ತಿತ್ತು. ಈ ಕೂಲಿ ನೆಚ್ಕೊಂಡು ನನ್ನ ಮನೇಲಿ ಯಾರೂ ಕೂತಿರ್ಲಿಲ್ಲ. ಆದ್ರೂ ಹೊಡೆತ ತಪ್ಪಿಸ್ಕೊಳ್ಳಕ್ಕೆ ಸಿಕ್ಕಿಸ್ದೆ. ಇವರದು ತಪ್ಪು ಅನ್ನೋದಾದ್ರೆ ನನ್ನದನ್ನ ಏನಂತೀರಿ?” ಅಧಿಕಾರಿ ಅದನ್ನು ಬರೆದುಕೊಂಡರು.

ಅವತ್ತು ಸಂಜೆ ಬಸ್ ಸ್ಟಾಪಿನಲ್ಲಿ ಕೈಗೆ ಸೈಕಲ್ ಚೈನ್ ಸುತ್ತಿಕೊಂಡ ಮಾಲೀಕನ ಕಡೆಯವರು ನಮ್ಮನ್ನು ಸುತ್ತುವರಿದರು. ನನಗೆ ಬಿದ್ದ ಏಟು ಬೆನ್ನಿಗೆ. ಮೇಷ್ಟ್ರಿಗೆ ತಲೆಗೇ ಹಾಕಿದರು. ಕೆಳಗೆ ಬಿದ್ದವರನ್ನೂ ಬಿಡಲಿಲ್ಲ, ಕನ್ನಡಕದ ಮೇಲೆಯೇ ಬೂಟುಗಾಲಿನಿಂದ ತುಳಿದರು. ನೋಡುತ್ತ ನಿಂತಿದ್ದ ಜನ ಬಸ್ ಬಂದ ಕೂಡಲೇ ಹತ್ತಿಕೊಂಡು ಹೋದರು. ಆಸ್ಪತ್ರೆಯಲ್ಲಿ ಮೇಷ್ಟ್ರಿಗೆ ಮತ್ತೆ ಎಚ್ಚರ ಬರಲಿಲ್ಲ. ಹೆಣ ತೆಗೆದುಕೊಂಡು ಹೋಗಲು ಬಂದ ಅವರ ಅಣ್ಣ ನನ್ನ ಕೈಯನ್ನೇ ನೋಡುತ್ತಿದ್ದರು.

ಆಮೇಲೆ ಲೇಬರ್ ಆಫೀಸಿನಿಂದ ಆದೇಶ ಬಂತು. ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು. ಬೆಳಿಗ್ಗೆ ಹೋಗಿ ಅದೇ ಪ್ರೆಸ್ಸಿನ ಮುಂದೆ ಕೂತರೆ ಎಡಗಡೆಯ ಬಟನ್ನಿನಲ್ಲಿ ಕಡ್ಡಿ ಆಗಲೇ ಇತ್ತು. ಕಿತ್ತು ಬಿಸಾಡಿದೆ. ಫೋರ್‌ಮನ್ ಬಂದು ತನ್ನ ಕೈಯಾರೆ ಇನ್ನೊಂದು ಸಿಕ್ಕಿಸಿದ.

“ಇದನ್ನ ಕೀಳಕ್ಕೆ ನಿಮ್ಮ ಮೇಷ್ಟ್ರು ಎದ್ದು ಬರ್ತಾನೇನೋ?”

ಪಕ್ಕದಲ್ಲಿ ಸ್ಪ್ಯಾನರ್ ಇತ್ತು. ಮೊದಲ ಏಟಿಗೆ ಅವನ ದವಡೆ ಮುರಿಯಿತು. ಬಿದ್ದವನಿಗೆ ಇನ್ನೂ ಹಾಕಿದೆ. ನಾಲ್ಕು ಜನ ಹಿಡಿದು ಎಳೆಯುವವರೆಗೂ ಹಾಕುತ್ತಲೇ ಇದ್ದೆ. ಹೊಟ್ಟೆಯ ಉರಿ ಆರಲಿಲ್ಲ. ಜೈಲಿನಿಂದ ಬಂದ ಮೇಲೆ ಯಾವ ಶೆಡ್ಡಿನವರೂ ನನ್ನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮೇಷ್ಟ್ರು ಜೀವ ತೆತ್ತು ಕೊಡಿಸಿದ ಕೆಲಸ ನನ್ನ ಕೈಯಲ್ಲಿ ಮಧ್ಯಾಹ್ನದ ಊಟದವರೆಗೂ ಉಳಿಯಲಿಲ್ಲ.

ಹೊಸ್ತಿಲಿಂದ ಎದ್ದು, ಕರೆಗಂಟೆಯ ಬಟನ್ನಿನಿಂದ ಉಗುರಲ್ಲಿ ಕಡ್ಡಿ ಕಿತ್ತೆ. ಗಂಟೆ ನಿಂತಿತು. ಮೆಟ್ಟಿಲ ತಿರುವಿನಲ್ಲಿ ಮಕ್ಕಳು ಬಗ್ಗಿ ನೋಡುತ್ತಿದ್ದವು.

“ಯಾಕ್ರೋ ಸಿಕ್ಕಿಸಿದ್ರಿ?” ಎಂದು ಕೇಳಿದೆ.

“ಸುಮ್ನೆ ತಾತ” ಎಂದು ಹೇಳಿ ಓಡಿದವು. ಕಡ್ಡಿಯನ್ನು ಜೇಬಿಗೆ ಹಾಕಿಕೊಂಡೆ. ನನ್ನ ತಪ್ಪು ಎಂದವರು ಆಗಲೂ ಬಹಳ ಜನ ಇದ್ದರು, ಆಮೇಲೂ ಸಿಕ್ಕರು. ಯಾಕೆ ಎಂದು ಕೇಳಿ, ಉತ್ತರಕ್ಕಾಗಿ ನನ್ನ ಜಾಗದಲ್ಲಿ ಹೋಗಿ ಕೂತವರು ಅವರೊಬ್ಬರೇ.