ಮೇಜು ಹಿಡಿದ ವೀಬ್ಕೆ

ವೀಬ್ಕೆಗೆ ಹುಟ್ಟಿನಿಂದ ಬಂದ ಒಂದು ದೋಷವಿತ್ತು. ಎದುರಿಗೆ ನಿಂತು ಯಾರಾದರೂ ಏನಾದರೂ ಕೇಳಿದರೆ 'ಇಲ್ಲ' ಅನ್ನುವ ಮಾತು ಅವಳ ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತಿತ್ತು. ಉತ್ತರದ ಕಡಲಂಚಿನ ಹೂಸುಮ್‌ನಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಬೀದಿಯವರ ಮೂರು ನಾಯಿಗಳನ್ನು ಅಡ್ಡಾಡಿಸುವ ಕೆಲಸ ಅವಳ ಕೊರಳಿಗೆ ಬಿದ್ದಿತ್ತು. ಒಂದಕ್ಕೂ ಅವಳು ಹೂಂ ಅಂದಿರಲಿಲ್ಲ. ಇಲ್ಲ ಅಂದಿರಲಿಲ್ಲ, ಅಷ್ಟೆ. "ಇವಳ ಮುಖ ಕಂಡ್ರೆ ಯಾರಿಗಾದ್ರೂ ಒಂದು ಕೆಲಸ ಹೇಳ್ಬೇಕು ಅನ್ಸುತ್ತೆ" ಎಂದು ಹೆತ್ತ ತಾಯಿಯೇ ನಗುತ್ತಿದ್ದಳು.

ಓದಲೆಂದು ದಕ್ಷಿಣದ ಪಾಸಾವ್‌ಗೆ ಬಂದ ಮೇಲೆ ಹಾಸ್ಟೆಲಿನ ಒಂದೇ ಮಹಡಿಯ ಏಳೆಂಟು ಮಂದಿ ಅವಳಿಗೆ ಮನೆಯವರಂತಾದರು. ಪ್ರತಿ ವಸಂತದಲ್ಲೂ ಒಂದು ಶನಿವಾರ ಎಲ್ಲರೂ ಒಂದೇ ಗುಂಪು ಟಿಕೆಟ್ಟಿನಲ್ಲಿ ರೈಲು ಹತ್ತಿ ಮ್ಯೂನಿಕ್‌ನ ಬಿಯರ್ ಹಬ್ಬಕ್ಕೆ ಹೋಗುವುದು, ಅಲ್ಲಿ ಯಾರದಾದರೂ ನೆಂಟರ ಮನೆಯ ನೆಲದಲ್ಲಿ ಮಲಗಿ ಭಾನುವಾರ ಮುಖ ಊದಿಸಿಕೊಂಡು ವಾಪಸಾಗುವುದು ವಾಡಿಕೆ. ಮೊದಲ ವರ್ಷ ವೀಬ್ಕೆ ಬೆಂಚಿನ ಮೇಲೆ ನಿಂತು ಹಾಡಿ ಹಾಡಿ, ಮುಂದಿನ ವಾರವೆಲ್ಲ ಸನ್ನೆಯಲ್ಲೇ ಮಾತಾಡಿದ್ದಳು. ಆಮೇಲೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಯೋಸ್ಟ್ ಬಂದ. ಅವನ ಹಿಂದೆಯೇ, ಯಾರೂ ಎಣಿಸದ ವೇಗದಲ್ಲಿ, ಮಗಳು ಫೆನ್ಯಾ ಬಂದಳು. ಓದು ಅರ್ಧಕ್ಕೆ ನಿಂತಿತು. ಹೋದ ವಸಂತದಲ್ಲಿ ಗೆಳೆಯರು ಹಬ್ಬದಿಂದ ಕಳಿಸಿದ ಚಿತ್ರಗಳನ್ನು ಅವಳು ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ನೋಡಿದ್ದಳು.

ಈ ಸಲ ಗೆಳತಿ ಆಫ್ರಾ ಫೋನ್ ಮಾಡಿದಳು. "ನೀನು ಶುಕ್ರವಾರವೇ ಮ್ಯೂನಿಕ್‌ಗೆ, ಯೋಸ್ಟ್ ಚಿಕ್ಕಮ್ಮನ ಮನೆಗೆ ಹೋಗ್ತೀಯಲ್ವಾ? ಹೆಂಗಿದ್ರೂ ನಿನ್ ಮಗಳು ಕೋಳಿಗಿಂತ ಮುಂಚೆ ಏಳ್ತಾಳೆ. ಬಿಯರ್ ಡೇರೆ ಬಾಗಿಲು ತೆಗೀತಿದ್ದ ಹಾಗೇ ಹೋಗಿ ಮೇಜು ಹಿಡಿ ಕಣೇ. ನಾವು ಮಧ್ಯಾಹ್ನಕ್ಕೆ ಬಂದ್ಬಿಡ್ತೀವಿ."

ಮೇಜು ಹಿಡಿ! ವೀಬ್ಕೆಗೆ ಆ ಮಾತು ಹಾಲು ಕುಡಿದಷ್ಟು ತಂಪಾಯಿತು. ಕರೆದರೆ ಬರುವವಳು ಅತಿಥಿ. ಮೇಜು ಹಿಡಿಯುವವಳು ಮನೆಯವಳು. ಆದರೆ ಮೇಜು ಕೈತಪ್ಪಿದರೆ? ಯಾರೂ ಬೈಯುವುದಿಲ್ಲ, ಅದೇ ಕಷ್ಟ. "ಪಾಪ, ಮಗು ಇದೆ, ಬಿಡ್ರೋ" ಅಂದುಬಿಡುತ್ತಾರೆ. ಆ 'ಪಾಪ' ಒಂದು ಸಲ ಬಿದ್ದರೆ ಮುಗಿಯಿತು, ಮುಂದಿನ ವರ್ಷದಿಂದ ಫೋನೂ ಬರುವುದಿಲ್ಲ.

ಯೋಸ್ಟ್‌ಗೆ ಆ ಶನಿವಾರ ಆಸ್ಪತ್ರೆಯಲ್ಲಿ ಪಾಳಿ ಇತ್ತು. ಡೇರೆಯ ಬಾಗಿಲು ತೆರೆದಾಗ ಅವಳೇ ಮೊದಲಿಗಳು. ಮಗುವನ್ನು ಎದೆಗೆ ಕಟ್ಟಿಕೊಂಡು, ಅದರ ಕಿವಿಗೆ ಸದ್ದು ತಡೆಯುವ ದಪ್ಪ ಮುಚ್ಚಳ ಹಾಕಿ, ಬ್ಯಾಂಡಿನವರಿಂದ ದೂರದ, ಬಾಗಿಲ ಗಾಳಿಯೂ ಬಡಿಯದ, ಕೆಮ್ಮುವವರು ಯಾರೂ ಹತ್ತಿರವಿಲ್ಲದ ಒಂದು ಹತ್ತು ಜನರ ಮೇಜು ಆರಿಸಿದಳು. ಆಮೇಲೆ ಬೆಂಚಿನುದ್ದಕ್ಕೂ ಸಾಮಾನು ಹರಡಿದಳು. ಆಫ್ರಾಗೆ ಡೈಪರ್ ಚೀಲ. ಕೊರ್ಬೀನಿಯಾನ್‌ಗೆ ಉಣ್ಣೆಯ ಟೋಪಿ. ಉಳಿದವರಿಗೆ ಹೊದಿಕೆ, ನೀರಿನ ಬಾಟಲಿ, ಬಾಳೆಹಣ್ಣಿನ ಡಬ್ಬಿ, ಒಂದು ಕಿವಿ ಕಿತ್ತ ಮೊಲದ ಬೊಂಬೆ.

ಆ ಸಾಲಿನ ಬಿಯರ್ ಹಂಚುವ ಟ್ರೌಡ್ಲ್ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. "ಏನಮ್ಮಾ, ಈ ಮೊಲಕ್ಕೆ ಒಂದು ಲೀಟರ್ ತರ್ಲಾ?"

"ನನ್ನ ಸ್ನೇಹಿತರು ಬರ್ತಿದ್ದಾರೆ, ರೈಲಲ್ಲಿದ್ದಾರೆ."

"ರೈಲಲ್ಲಿರೋರು ಇಲ್ಲಿ ಕುಡಿಯಲ್ವಲ್ಲ. ಹನ್ನೆರಡರ ತನಕ ಇಟ್ಕೋ. ಆಮೇಲೆ ಯಾರಾದ್ರೂ ಜಾಗ ಇದೆಯಾ ಅಂತ ಕೇಳಿದ್ರೆ, ಟೋಪಿ ತೋರಿಸ್ಬೇಡ. ಟೋಪಿ ಟಿಪ್ಸ್ ಕೊಡಲ್ಲ." ವೀಬ್ಕೆ ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದೊಂದು, ಮಧ್ಯಾಹ್ನಕ್ಕೆ ಅರ್ಧ ಕೋಳಿಯೊಂದು ಹೇಳಿ ಗಟ್ಟಿ ಕೂತಳು.

ಹನ್ನೆರಡಾಯಿತು. ಡೇರೆ ತುಂಬತೊಡಗಿತು. ಆಫ್ರಾಳ ಸಂದೇಶ ಬಂತು: ರೈಲು ಹೊಲದ ನಡುವೆ ನಿಂತಿದೆ, ಯಾಕೆಂದು ಯಾರಿಗೂ ಗೊತ್ತಿಲ್ಲ, ಮೇಜು ಬಿಡಬೇಡ. ಅಷ್ಟರಲ್ಲಿ ಗಿಡ್ಡನೆಯ ಒಬ್ಬ ಅಜ್ಜಿ, ಅವಳ ಹಿಂದೆ ಬೆಟ್ಟದಂಥ ಒಬ್ಬ ಅಜ್ಜ ಬಂದು ನಿಂತರು.

"ಇಲ್ಲಿ ಜಾಗ ಇದೆಯಾ ಮಗಳೇ?"

ಇದೆಯಾ ಅಂದರೆ ಇತ್ತು. ಕಣ್ಣಿಗೆ ಕಾಣುವಷ್ಟು ಇತ್ತು. 'ಇಲ್ಲ' ಎನ್ನಲು ವೀಬ್ಕೆಗೆ ಎಂದಿನಂತೆ ಆಗಲಿಲ್ಲ. "ನನ್ನ ಸ್ನೇಹಿತರು ಬರೋ ತನಕ..." ಎನ್ನುವುದರೊಳಗೆ ಅಜ್ಜಿ ಮೊಲವನ್ನು ಮರ್ಯಾದೆಯಿಂದ ಎತ್ತಿ ಮೇಜಿನ ಮೇಲೆ ಕೂರಿಸಿ, ತಾನು ಕೂತಾಗಿತ್ತು. "ಅವರು ಬಂದ ತಕ್ಷಣ ಎದ್ದುಬಿಡ್ತೀವಿ. ನಾನು ಇರ್ಮ್‌ಗಾರ್ಡ್. ಇವನು ಶೋರ್ಶ್, ನನ್ನ ಗಂಡ. ಕಿವಿ ಮಂದ, ಹೊಟ್ಟೆ ಚುರುಕು."

ಇರ್ಮ್‌ಗಾರ್ಡ್ ಸುರುಳಿಯಾಗಿ ಕತ್ತರಿಸಿದ ಮೂಲಂಗಿ ತರಿಸಿ, ಸುರುಳಿಯನ್ನು ಬಿಡಿಸಿ ಉಪ್ಪು ಉದುರಿಸಿ, ಅದು ನೀರು ಬಿಡುವ ತನಕ ಗಂಡನ ಕೈಯನ್ನು ಎರಡು ಸಲ ಹೊಡೆದು ತಡೆದಳು. ಫೆನ್ಯಾ ಆ ಬಿಳಿ ಸುರುಳಿಯನ್ನೇ ನೋಡುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಮುಖ ಕೆಂಪಗೆ ಮಾಡಿದಳು. ವೀಬ್ಕೆಗೆ ವಾಸನೆಗೆ ಮೊದಲೇ ಗೊತ್ತಾಯಿತು. ಡೈಪರ್ ಬದಲಿಸುವ ಕೋಣೆ ಮೈದಾನದ ಆ ತುದಿಗೆ. ಮೇಜು ಬಿಟ್ಟು ಹೋಗುವುದು ಹೇಗೆ? ಹೋಗದೆ ಇರುವುದು ಹೇಗೆ? ತಡ ಮಾಡಿದರೆ ತೊಡೆಸಂದು ಕೆಂಪಾಗುತ್ತದೆ, ಹೋದ ವಾರ ತಾನೇ ವಾಸಿಯಾದದ್ದು.

"ಹೋಗ್ಬಾ ಹೋಗು," ಎಂದಳು ಇರ್ಮ್‌ಗಾರ್ಡ್. "ನಾನು ಗೂಟ ಹೊಡ್ಕೊಂಡು ಕೂತಿರ್ತೀನಿ. ನನ್ನ ದಾಟಿ ಯಾವನು ಬರ್ತಾನೋ ನೋಡೇಬಿಡ್ತೀನಿ."

ಅಲ್ಲಿ ಸಾಲು ಉದ್ದವಿತ್ತು. ವೀಬ್ಕೆ ಓಡುನಡಿಗೆಯಲ್ಲಿ ವಾಪಸು ಬಂದಾಗ ಮೇಜು ಕೈತಪ್ಪಿರಲಿಲ್ಲ, ಆದರೆ ತುಂಬಿತ್ತು. ಫುಟ್‌ಬಾಲ್ ಹುಡುಗರ ಒಂದು ಹಿಂಡು ಬಂದು ಕೇಳಿತಂತೆ. ಅವರನ್ನು ಓಡಿಸಲು ಇರ್ಮ್‌ಗಾರ್ಡ್, "ನಮ್ಮ ಕಡೆಯವರು ಬರ್ತಾರೆ" ಎಂದಳಂತೆ. ಹುಡುಗರು ನಂಬದೆ ನಿಂತೇ ಇದ್ದಾಗ, ಮಾತು ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ, ಬಾಗಿಲ ಬಳಿ ಜಾಗ ಹುಡುಕುತ್ತಿದ್ದ ಚೆಂಡು ಉರುಳಿಸಿ ಗೂಟ ಬೀಳಿಸುವ ಆಟದ ತನ್ನ ಕ್ಲಬ್ಬಿನ ನಾಲ್ವರನ್ನು ಕೂಗಿ ಕೂರಿಸಿಬಿಟ್ಟಿದ್ದಳು. ನಾಲ್ವರೂ ಎಪ್ಪತ್ತು ದಾಟಿದವರು; ಒಬ್ಬರ ಊರುಗೋಲು ಕೊರ್ಬೀನಿಯಾನ್‌ನ ಜಾಗದಲ್ಲಿ ಮಲಗಿತ್ತು. ಟ್ರೌಡ್ಲ್ ಎರಡೂ ಕೈಯಲ್ಲಿ ಲೀಟರಿನ ಮಗ್ಗುಗಳ ಗೊಂಚಲು ತಂದಿಟ್ಟು ವೀಬ್ಕೆಗೆ ಕಣ್ಣು ಮಿಟುಕಿಸಿದಳು. "ಇದು ನೋಡು ಮೇಜು ಅಂದ್ರೆ!"

ವೀಬ್ಕೆ ನಕ್ಕಳು, ಒಳಗೆ ಜೀವ ಹಾರಿಹೋಗಿತ್ತು. ಕಂಡವರಿಗೆ ಬೆಂಚು ದಾನ ಮಾಡಿ, ತನ್ನವರಿಗೆ ಮೂರೇ ಮೂರು ಜಾಗ ಉಳಿಸಿದ್ದಳು. ಆ ಕಡೆ ಕ್ಲಬ್ಬಿನವರು ಫೆನ್ಯಾಳನ್ನು ತೊಡೆಯಿಂದ ತೊಡೆಗೆ ದಾಟಿಸುತ್ತಿದ್ದರು. ಮೊದಲು ವೀಬ್ಕೆ ಪ್ರತಿ ತೊಡೆಯ ಕಡೆಗೂ ಕಣ್ಣು ಓಡಿಸಿದಳು: ಈ ಅಜ್ಜನ ಕೈ ತೊಳೆದಿದೆಯೋ, ಆ ಅಜ್ಜಿಯ ಮಗ್ಗು ಅಂಚಿಗಿದೆಯೋ. ಆಮೇಲೆ, ಎಷ್ಟೋ ತಿಂಗಳ ನಂತರ ಎರಡೂ ಕೈಯಲ್ಲಿ ಬಿಸಿ ಕೋಳಿಯನ್ನು ಹಿಡಿದು ತಿನ್ನುತ್ತಿದ್ದೇನೆ ಅನ್ನುವುದು ಅರಿವಾಗಿ, ಒಂದು ಗಳಿಗೆ ಎಲ್ಲ ಮರೆತಳು.

ಆಗಲೇ ಅವರು ಬಂದರು. ಮುಂದೆ ಆಫ್ರಾ, ಪಕ್ಕದಲ್ಲಿ ಕೊರ್ಬೀನಿಯಾನ್, ಹಿಂದೆ ಐವರು, ಎಲ್ಲರದೂ ಹಸಿದ ಮುಖ.

"ವೀಬ್ಕೆ, ಇದೇನಿದು? ವೃದ್ಧಾಶ್ರಮದ ಪ್ರವಾಸಾನಾ?" ಎಂದ ಕೊರ್ಬೀನಿಯಾನ್.

"ಹೂಂ ಕಣಪ್ಪಾ," ಎಂದಳು ಇರ್ಮ್‌ಗಾರ್ಡ್, "ಒಂದು ಹಾಸಿಗೆ ಖಾಲಿ ಇದೆ. ನೀನು ನಿಂತಿರೋ ಭಂಗಿ ನೋಡಿದ್ರೆ ನಿನಗೇ ಬೇಕಾಗತ್ತೆ."

ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. ಅವನು ವೀಬ್ಕೆಯ ಕಿವಿಗೆ ಬಗ್ಗಿದ. "ಎಬ್ಬಿಸು ಮಾರಾಯ್ತಿ. ಮೇಜು ನಮ್ದು. ಬೆಳಿಗ್ಗೆಯಿಂದ ನೀನು ಹಿಡಿದಿದ್ದು ಇವರಿಗೋಸ್ಕರಾನಾ?"

ಇರ್ಮ್‌ಗಾರ್ಡ್‌ಗೆ ಕೇಳಿಸಿತು. ಕೊಟ್ಟ ಮಾತು ಕೊಟ್ಟ ಮಾತೇ; ಅವಳು ಗಂಡನ ತೋಳು ತಟ್ಟಿ, "ಏಳು ಶೋರ್ಶ್, ಮಕ್ಕಳು ಬಂದ್ರು" ಎಂದಳು. ಶೋರ್ಶ್‌ಗೆ ಕೇಳಿಸಲಿಲ್ಲ. ಅವನ ತೊಡೆಯ ಮೇಲೆ ಫೆನ್ಯಾ ಅವನ ಅಂಗಿಯ ಗುಂಡಿ ಹಿಡಿದು ನಿದ್ದೆಹೋಗಿದ್ದಳು. ಅವನು ಉಸಿರನ್ನೂ ಅಳೆದು ಬಿಡುತ್ತ, ಮುಟ್ಟಬೇಡ ಎನ್ನುವಂತೆ ಹೆಂಡತಿಗೆ ಕಣ್ಣಲ್ಲೇ ಹೇಳಿದ.

ಏಳು ಮಂದಿ ಗೆಳೆಯರು ವೀಬ್ಕೆಯನ್ನೇ ನೋಡುತ್ತಿದ್ದರು. ಇದೇ ಆ ಗಳಿಗೆ ಎಂದು ಅವಳಿಗೆ ಗೊತ್ತಿತ್ತು. 'ಪಾಪ' ಎನ್ನುವ ಮಾತು ಅವರ ತುಟಿಯ ಮೇಲೆ ಬಂದು ಕೂತಿತ್ತು.

"ಇಲ್ಲ," ಎಂದಳು ವೀಬ್ಕೆ. ಧ್ವನಿ ಅವಳೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. "ಎಬ್ಬಿಸಲ್ಲ. ನಾನು ಮಗು ತೊಳೆಯೋಕೆ ಹೋದಾಗ ಈ ಮೇಜು ಕಾದವರು ಇವರು. ನೀವಿನ್ನೂ ಹೊಲದಲ್ಲಿ ಹಸು ಎಣಿಸ್ತಿದ್ರಿ. ಬೇಕಿದ್ರೆ ಸರ್ಕೊಂಡು ಕೂತ್ಕೊಳ್ಳಿ, ಬೇಡದಿದ್ರೆ ಇಡೀ ಡೇರೆ ಇದೆ, ಹುಡುಕ್ಕೊಳ್ಳಿ."

ಆಫ್ರಾ ಡೈಪರ್ ಚೀಲವನ್ನು ಮೇಜಿನಡಿಗೆ ತಳ್ಳಿ, ಊರುಗೋಲಿನ ಅಜ್ಜನ ಪಕ್ಕ ತೂರಿಕೊಂಡಳು. "ಅಬ್ಬಾ, ತಾಯಿ ಆದ್ಮೇಲೆ ಹಲ್ಲು ಬಂದಿದೆ ಕಣೇ ನಿನಗೆ! ಸರ್ಕೊಳ್ಳಿ ಅಜ್ಜಾ, ನಾನು ದಪ್ಪ ಇದ್ದೀನಿ." ಒಬ್ಬೊಬ್ಬರಾಗಿ ಉಳಿದವರೂ ತೂರಿದರು. ಕೊರ್ಬೀನಿಯಾನ್ ಮಾತ್ರ ಮೂಗು ಏರಿಸಿಕೊಂಡು ಡೇರೆಯೆಲ್ಲ ಸುತ್ತಲು ಹೋದ. ಒಂದು ಬೆಂಚಿನ ಮೂಲೆಯೂ ಸಿಗದೆ, ಬೆವರಿ, ಬಂದು ನಿಂತ. ಇರ್ಮ್‌ಗಾರ್ಡ್ ಅಂಗೈಯಗಲದ ಜಾಗ ತೋರಿಸಿ ಅವನ ಮುಂದೆ ಮೂಲಂಗಿಯ ತಟ್ಟೆ ಸರಿಸಿದಳು. ಅವನು ಅರ್ಧ ಕುಂಡೆ ಗಾಳಿಯಲ್ಲಿಟ್ಟು ಕೂತ.

ಬ್ಯಾಂಡಿನವರು ಕುಡಿಯುವ ಹಾಡು ಎತ್ತಿದಾಗ ಇಡೀ ಡೇರೆ ಬೆಂಚು ಹತ್ತಿ ನಿಂತಿತು, ಆಗ ತಿಳಿಯಿತು: ಕೂತರೆ ಸಾಲದ ಬೆಂಚು ನಿಂತರೆ ಎಲ್ಲರಿಗೂ ಸಾಕು. ಎಪ್ಪತ್ತರವರು ಕೆಳಗೆ ನಿಂತು ತೂಗಿದರು, ಗೆಳೆಯರು ಮೇಲೆ ನಿಂತು ತೂಗಿದರು. ವೀಬ್ಕೆಯೂ ಹತ್ತಿದಳು. ಬೆಂಚು ಮುರಿದರೆ ಎಂಬ ಯೋಚನೆ ಬಂತು. ಬಂದದ್ದು ಹಾಡಿನ ಎರಡನೆಯ ಸಾಲಿಗೆ ಎಲ್ಲೋ ಹೋಯಿತು. ಕೆಳಗೆ ಶೋರ್ಶ್ ಒಬ್ಬನೇ ಕಲ್ಲಿನ ಹಾಗೆ ಕೂತಿದ್ದ, ಎದೆಗೆ ಮಗು, ಮಗುವಿನ ಕಿವಿಮುಚ್ಚಳದ ಮೇಲೆ ತನ್ನ ಕೈ.

ಸಂಜೆಯಾಗುತ್ತಲೇ ಚಿಕ್ಕ ಮಕ್ಕಳು ಡೇರೆ ಬಿಡಬೇಕು; ಅದು ಅಲ್ಲಿಯ ನಿಯಮ. ಇಷ್ಟು ದಿನವೂ ವೀಬ್ಕೆ ಹೆದರಿದ್ದು ಈ ಹೊತ್ತಿಗೇ: ಎಲ್ಲರೂ ಕೂತಿರುವಾಗ ತಾನೊಬ್ಬಳು ಎದ್ದು ಹೋಗುವುದು. ಎದ್ದಳು. ಅಜ್ಜಿಯರು ಕೆನ್ನೆ ತಟ್ಟಿದರು. ಆಫ್ರಾ ತುಂಬಿದ ಬಾಯಲ್ಲೇ, "ನಾಳೆ ರೈಲಿಗೆ ಸಿಗು, ನಿನ್ನ ಹೆಸರೂ ಟಿಕೆಟ್ಟಲ್ಲಿದೆ" ಎಂದು ಕೂಗಿದಳು. ನೆಂಟರನ್ನು ಉಣ್ಣಲು ಕೂರಿಸಿ, ಒಂದು ಗಳಿಗೆ ಒಳಗೆ ಹೋಗಿಬರುತ್ತೇನೆ ಎನ್ನುವ ಮನೆಯೊಡತಿಯ ಹಾಗೆ ಅವಳು ಮೇಜಿನುದ್ದಕ್ಕೂ ಒಮ್ಮೆ ನೋಡಿದಳು; ಯಾರ ಮುಂದೆ ಏನು ಕಮ್ಮಿಯಾಗಿದೆ ಎಂದು ಟ್ರೌಡ್ಲ್‌ಗೆ ಬೆರಳು ಮಾಡಿ ತೋರಿಸಿದಳು. ಶೋರ್ಶ್ ಒಲ್ಲದ ಮನಸ್ಸಿನಿಂದ ಮಗುವನ್ನು ಎತ್ತಿಕೊಟ್ಟ.

"ಇನ್ನೊಂದು ಹಾಡು ಇದ್ದು ಹೋಗೇ," ಎಂದ ಕೊರ್ಬೀನಿಯಾನ್, ಮನಸಾರೆಯೇ. ಆದರೆ ಹಾಗೆನ್ನುತ್ತಲೇ ಅವನು ಅವಳೆದ್ದ ಜಾಗಕ್ಕೆ ಸರಿದಾಗಿತ್ತು. ಡೇರೆಗೆ ಬಂದ ಮೇಲೆ ಮೊದಲ ಸಲ ಎರಡೂ ಕುಂಡೆ ಊರಿ ಕೂತ ಸುಖಕ್ಕೆ ಅವನ ಕಣ್ಣು ತಾನಾಗಿ ಮುಚ್ಚಿಕೊಂಡಿತ್ತು.